ಹಿಂದಿನ ಮಡ್‌ಗಾರ್ಡ್‌ಗೆ ಗ್ರೈಂಡರ್ ಇಡೋ ಮುಂಚೆ

ನಮ್ಮ ಹಾಸ್ಟೆಲ್ ವಿಂಗ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ಚರ್ಚೆಗೆ ಬರೋ ವಿಷಯ ಮೂರೇ. ಕ್ರಿಕೆಟ್, ಪ್ಲೇಸ್‌ಮೆಂಟ್, ಗಾಡಿ. ಮೆಕ್ಯಾನಿಕಲ್‌ನವರು ಜಾಸ್ತಿ ಇರೋದ್ರಿಂದ ಕೊನೆಗೆ ಗಾಡಿಯೇ ಗೆಲ್ಲುತ್ತೆ. ಹೋದ ತಿಂಗಳು ಪಕ್ಕದ ರೂಮಿನವನು ಒಂದು ವಿಡಿಯೋ ಹಾಕಿ ಎಲ್ಲರನ್ನೂ ಕರೆದ. ಜಪಾನಿನ ಅಕಿರಾ ನಕಾಯ್ ಅನ್ನೋರು ಹಳೇ ಪೋರ್ಶೆ 911ರ ಹಿಂದಿನ ಮಡ್‌ಗಾರ್ಡನ್ನು ತಮ್ಮ ಕೈಯಾರೆ ಕೊಯ್ದು, ಅದರ ಮೇಲೆ ಅಗಲದ ಕಮಾನು ಕೂರಿಸಿ, ಒಳಗೆ ದಪ್ಪ ದಪ್ಪ ಚಕ್ರ ತುಂಬಿಸ್ತಾರೆ. ನೋಡಿದ್ರೆ ಮೈ ಜುಂ ಅನ್ನುತ್ತೆ, ಸುಳ್ಳು ಹೇಳಲ್ಲ. ವಿಡಿಯೋ ಮುಗೀತಿದ್ದಂಗೆ ನನ್ನ ಗೆಳೆಯ, "ಮಗಾ, ಸೆಮಿಸ್ಟರ್ ರಜೆಲಿ ನಮ್ಮಣ್ಣನ ಗಾಡಿಗೂ ಹಿಂಗೇ ಮಾಡ್ಸೋಣ. ನಮ್ಮೂರಲ್ಲಿ ಒಬ್ರು ಟಿಂಕರಿಂಗ್‌ನವ್ರಿದಾರೆ, ಮೂರು ಸಾವಿರಕ್ಕೆ ಎರಡೂ ಸೈಡ್ ಕೊಯ್ದು ಕೊಡ್ತಾರಂತೆ" ಅಂದ.

ಎಲ್ಲರೂ ಹೂಂ ಅಂದ್ರು. ನಾನು ಮಾತ್ರ ಬೇಡ ಅಂದೆ. ಯಾಕೆ ಅಂತ ಅವತ್ತು ಸರಿಯಾಗಿ ಹೇಳೋಕೆ ಆಗಲಿಲ್ಲ, "ನೀನು ಅಂಕಲ್ ಕಣೋ" ಅಂತ ರೇಗಿಸಿಬಿಟ್ರು. ಅದಕ್ಕೇ ಈ ಲೇಖನ.

ಮೊದಲೇ ಹೇಳ್ತೀನಿ, ನಾನು ಮಾಡಿಫಿಕೇಷನ್ ವಿರೋಧಿ ಅಲ್ಲ. ಅಗಲದ ಚಕ್ರ ಹಾಕಿದ ಗಾಡಿ ಚೆನ್ನಾಗಿ ಕಾಣುತ್ತೆ ಅನ್ನೋದು ನಂಗೂ ಗೊತ್ತು. ನನ್ನ ಅಭಿಪ್ರಾಯ ಇಷ್ಟೇ: ಹಿಂದಿನ ಮಡ್‌ಗಾರ್ಡ್ ಕತ್ತರಿಸೋದು ಕೊನೆಯ ದಾರಿ ಆಗಬೇಕು, ಮೊದಲನೇದಲ್ಲ. ಕತ್ತರಿಸಿದ್ರೆ ಸರಿಯಾಗಿ ಬೆಸುಗೆ ಹಾಕಿ ಮುಚ್ಚಬೇಕು. ಮತ್ತೆ ಆ ಗಾಡಿ ಮಾರೋವಾಗ ಕತ್ತರಿಸಿದ್ದನ್ನು ಮುಚ್ಚಿಡಬಾರದು.

ಈ ಮೂರನೇ ಮಾತು ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮಪ್ಪನ ಕಾರಿಂದ ಕಲಿತದ್ದು.

ಅಪ್ಪ ಹೈಸ್ಕೂಲ್ ಮೇಷ್ಟ್ರು. ನಾನು ಪಿಯುಸಿಯಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ಒಂದನ್ನು ತಗೊಂಡ್ರು. ನಮ್ಮ ಮನೆಯ ಮೊದಲನೇ ಕಾರು. ಒಳ್ಳೇ ಪೇಂಟು, ಕಂಪನಿಯ ಚಕ್ರಗಳೇ ಇದ್ದವು, ಕಿಲೋಮೀಟರೂ ಕಮ್ಮಿ. ಕೊಟ್ಟವರು ಬೆಂಗಳೂರಿನ ಕಡೆಯ ಹುಡುಗ ಅಂತ ಬ್ರೋಕರ್ ಹೇಳಿದ್ದಷ್ಟೇ ನಮಗೆ ಗೊತ್ತು. ನಮ್ಮೂರು ಮಲೆನಾಡು. ಜೂನ್‌ನಲ್ಲಿ ಶುರುವಾದ ಮಳೆ ಸೆಪ್ಟೆಂಬರ್‌ವರೆಗೂ ಬಿಡಲ್ಲ. ಮೊದಲನೇ ಮಳೆಗಾಲ ಹೆಂಗೋ ಕಳೀತು. ಎರಡನೇ ಮಳೆಗಾಲಕ್ಕೆ ಕಾರಿನೊಳಗೆ ಒದ್ದೆ ಗೋಣಿಚೀಲದ ವಾಸನೆ. ಅಮ್ಮ ಎಸಿ ಕೆಟ್ಟಿದೆ ಅಂದ್ಲು. ಒಂದು ದಿನ ಟೈರ್ ಪಂಕ್ಚರ್ ಆಗಿ ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿದ್ರೆ ಕೆಳಗೆ ನಾಲ್ಕು ಬೆರಳು ನೀರು!

ಟಿಂಕರಿಂಗ್ ಅಣ್ಣನ ಹತ್ರ ತಗೊಂಡು ಹೋದ್ವಿ. ಅವರು ಹಿಂದಿನ ಚಕ್ರ ಬಿಚ್ಚಿ, ಮಡ್‌ಗಾರ್ಡಿನ ಒಳಗೆ ಕೈ ಹಾಕಿ ಒಂದು ಸಲ ಸವರಿ ಸುಮ್ಮನಾದರು. ಆಮೇಲೆ ಸ್ಕ್ರೂಡ್ರೈವರ್‌ನಲ್ಲಿ ಕೆರೆದರು. ಕಪ್ಪು ಅಂಡರ್‌ಬಾಡಿ ಕೋಟಿಂಗ್ ಸಿಪ್ಪೆ ತರ ಎದ್ದು ಬಂತು, ಅದರ ಹಿಂದೆ ಪುಟ್ಟಿ, ಪುಟ್ಟಿಯ ಹಿಂದೆ ತುಕ್ಕು. ತುಕ್ಕು ಉದುರಿದ ಮೇಲೆ ಒಂದು ಸಂದು. ನನ್ನ ಕಿರುಬೆರಳು ಹೋಗುವಷ್ಟು.

"ಮೇಷ್ಟ್ರೇ, ಈ ಗಾಡಿಗೆ ಯಾರೋ ಅಗಲದ ಟೈರ್ ಹಾಕಿದ್ರು. ತಾಗ್ತದೆ ಅಂತ ಒಳಗಿನ ಅಂಚು ಕೊಯ್ದಿದಾರೆ. ಕೊಯ್ದವ್ರು ವೆಲ್ಡಿಂಗ್ ಮಾಡಿಲ್ಲ, ಪುಟ್ಟಿ ಮೆತ್ತಿ ಕೊಟ್ಟಿದಾರೆ" ಅಂದ್ರು.

ಅಪ್ಪನಿಗೆ ಅರ್ಥ ಆಗಲಿಲ್ಲ. "ಟೈರ್ ಹಾಕೋಕೆ ಗಾಡಿ ಯಾಕೆ ಕೊಯ್ಬೇಕು ಮಾರಾಯ?" ಅಂತ ನನ್ನ ಕೇಳಿದ್ರು. ನಂಗೆ ಉತ್ತರ ಗೊತ್ತಿತ್ತು. ಅವತ್ತು ನನ್ನ ಫೋನಿನ ವಾಲ್‌ಪೇಪರೇ ಅಂಥದೊಂದು ಕಾರು. ನಾನು ಸುಮ್ಮನಿದ್ದೆ. ಎರಡೂ ಕಡೆ ತುಕ್ಕು ತೆಗೆದು, ಹೊಸ ತಗಡು ಕೂರಿಸಿ, ಬೆಸುಗೆ ಹಾಕಿ, ಪೇಂಟ್ ಮಾಡೋಕೆ 18,000 ರೂಪಾಯಿ ಆಯ್ತು. ಆ ತಿಂಗಳು ನನ್ನ ಸಿಇಟಿ ಕೋಚಿಂಗ್‌ನ ಎರಡನೇ ಕಂತು ಕಟ್ಟೋಕೆ ಅಪ್ಪ ಸೊಸೈಟಿಯಲ್ಲಿ ಸಾಲ ತಗೊಂಡ್ರು.

ಈಗ ಇಂಜಿನಿಯರಿಂಗ್ ವಿಷಯಕ್ಕೆ ಬರೋಣ. ಮುಂದಿನ ಮಡ್‌ಗಾರ್ಡಿಗೂ ಹಿಂದಿನದಕ್ಕೂ ಏನು ವ್ಯತ್ಯಾಸ? ನಮ್ಮ ವಿಂಗ್‌ನಲ್ಲಿ ಕೇಳಿದ್ರೆ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಈಗಿನ ಸಾಮಾನ್ಯ ಕಾರುಗಳಲ್ಲಿ ಮುಂದಿನದು ಬೋಲ್ಟ್ ಹಾಕಿ ಕೂರಿಸಿದ ಬೇರೆ ತುಂಡು. ಹಾಳಾದ್ರೆ ಬಿಚ್ಚಿ ಹೊಸದು ಹಾಕಬಹುದು. ಹಿಂದಿನದು ಹಾಗಲ್ಲ. ಅದು ಬಾಡಿಗೇ ಬೆಸೆದ ದೊಡ್ಡ ತಗಡಿನ ಭಾಗ, ಬಿಚ್ಚೋಕೆ ಬರಲ್ಲ. ಅಷ್ಟೇ ಅಲ್ಲ, ಅಲ್ಲಿರೋದು ಒಂದು ತಗಡಲ್ಲ, ಎರಡು. ಹೊರಗೆ ಕಾಣೋದು ಒಂದು. ಚಕ್ರದ ಮೇಲೆ ಬಟ್ಟಲು ಕವುಚಿ ಹಾಕಿದ ಹಾಗೆ ಒಳಗಿರೋದು ಇನ್ನೊಂದು. ಈ ಎರಡೂ ಸೇರೋದು ಎಲ್ಲಿ ಅಂದ್ರೆ, ಚಕ್ರದ ಕಮಾನಿನ ಒಳಕ್ಕೆ ಮಡಚಿದ ಆ ಸಣ್ಣ ಅಂಚಿನಲ್ಲಿ. ಅಲ್ಲೇ ಸಾಲಾಗಿ ಸ್ಪಾಟ್ ವೆಲ್ಡ್ ಇರುತ್ತೆ, ಅದರ ಮೇಲೆ ನೀರು ಹೋಗದ ಹಾಗೆ ಸೀಲಂಟ್ ಇರುತ್ತೆ.

ಅಂದ್ರೆ ಟೈರಿಗೆ ತಾಗುತ್ತೆ ಅಂತ ಆ ಅಂಚನ್ನು ಗ್ರೈಂಡರ್‌ನಲ್ಲಿ ಹಾರಿಸಿದ್ರೆ ಹೋಗೋದು ಬರೀ ಅಂಚಲ್ಲ, ಎರಡು ತಗಡನ್ನು ಹಿಡಿದಿಟ್ಟ ಬೆಸುಗೆಯ ಸಾಲೇ ಹೋಗುತ್ತೆ. ಮಧ್ಯದ ಸಂದಿಗೆ ಚಕ್ರ ಎರಚೋ ನೀರು, ಕೆಸರು ನೇರ ನುಗ್ಗುತ್ತೆ. ಕತ್ತರಿಸಿದ ಅಂಚಿಗೆ ಕಾರ್ಖಾನೆಯ ಪೇಂಟೂ ಇಲ್ಲ. ಬೆಂಗಳೂರಲ್ಲಿ ಎರಡು ವರ್ಷ ಗೊತ್ತಾಗದೇ ಇರೋದು ಮಲೆನಾಡಿನಲ್ಲೋ ಕರಾವಳಿಯಲ್ಲೋ ಬೇಗ ಗೊತ್ತಾಗುತ್ತೆ. ಜೊತೆಗೆ ಎಷ್ಟೋ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದಿನ ಶಾಕ್ ಅಬ್ಸಾರ್ಬರಿನ ತಲೆ ಕೂರೋದು ಆ ಒಳಗಿನ ಬಟ್ಟಲಿನ ಮೇಲೇ. ತುಕ್ಕು ಅಲ್ಲಿವರೆಗೂ ಹೋದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ಪೆಟ್ರೋಲ್ ಹಾಕೋ ಬಾಯಿಂದ ಟ್ಯಾಂಕಿಗೆ ಹೋಗೋ ಪೈಪು ಸಾಮಾನ್ಯವಾಗಿ ಒಂದು ಕಡೆಯ ಹಿಂದಿನ ಮಡ್‌ಗಾರ್ಡಿನ ಒಳಗೇ ಇಳಿಯುತ್ತೆ. ಅದರ ಪಕ್ಕದಲ್ಲಿ ನಿಂತು ಗ್ರೈಂಡರಿನ ಕಿಡಿ ಹಾರಿಸ್ತಾ ಇರ್ತೀವಿ. ವಿಡಿಯೋದಲ್ಲಿ ಇದನ್ನು ಯಾರೂ ಹೇಳಲ್ಲ.

ಸರಿ, ಹಾಗಾದ್ರೆ ಅಗಲದ ಚಕ್ರ ಹಾಕೋದೇ ಬೇಡ್ವಾ? ಹಾಗಂತ ಅಲ್ಲ. ಮೊದಲು ಲೆಕ್ಕ ಮಾಡಿ ಅಂತ. ಎಂಟನೇ ಕ್ಲಾಸಿನ ಲೆಕ್ಕ ಸಾಕು. ಚಕ್ರದ ಮೇಲೆ ಎರಡು ಸಂಖ್ಯೆ ಇರುತ್ತೆ. ಒಂದು ರಿಮ್ಮಿನ ಅಗಲ, ಇಂಚಿನಲ್ಲಿ. ಇನ್ನೊಂದು ಆಫ್‌ಸೆಟ್, ಅಂದ್ರೆ ಚಕ್ರ ಹಬ್ಬಿಗೆ ಕೂರೋ ಜಾಗ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನೋದು. ಇದನ್ನು ಇಟಿ ಅಂತ ಬರೆದಿರ್ತಾರೆ. ಇಟಿ ಕಮ್ಮಿ ಆದಷ್ಟೂ ಚಕ್ರ ಹೊರಗೆ ಬರುತ್ತೆ.

ಒಂದು ಉದಾಹರಣೆ. ಈಗಿರೋದು 5.5 ಇಂಚು, ಇಟಿ 45. ಹಾಕಬೇಕಂತಿರೋದು 7 ಇಂಚು, ಇಟಿ 35. ಹಳೇ ರಿಮ್ಮಿನ ಅರ್ಧ ಅಗಲ 69.9 ಮಿ.ಮೀ., ಅದರಲ್ಲಿ 45 ಕಳೆದ್ರೆ ಹಬ್ಬಿನಿಂದ ಹೊರಗೆ ಸುಮಾರು 25. ಹೊಸದರ ಅರ್ಧ 88.9, ಅದರಲ್ಲಿ 35 ಕಳೆದ್ರೆ ಸುಮಾರು 54. ಚಕ್ರ 29 ಮಿ.ಮೀ. ಹೊರಗೆ ಬಂತು. ಇದೇ ತರ ಕೂಡಿಸಿ ನೋಡಿದ್ರೆ ಒಳಗಿನ ಕಡೆಗೆ 9 ಮಿ.ಮೀ. ಹೋಗುತ್ತೆ. ಈಗ ಅದೇ 7 ಇಂಚಿನ ರಿಮ್ಮನ್ನು ಇಟಿ 45ರಲ್ಲೇ ತಗೊಂಡ್ರೆ? ಹೊರಗೆ 19, ಒಳಗೂ 19. ಒಳಗೆ ಜಾಗ ಇದ್ದು, ಸಸ್ಪೆನ್ಷನ್ನಿಗೆ ತಾಗದೇ ಇದ್ರೆ, ಮಡ್‌ಗಾರ್ಡಿಗೆ ಕೈ ಹಚ್ಚೋದೇ ಬೇಡ. ಸರಿಯಾದ ಇಟಿ ಆರಿಸಿಕೊಂಡ್ರೆ ಉಳಿಯೋದು 10 ಮಿಲಿಮೀಟರ್. ಎಷ್ಟೋ ಸಲ ಗ್ರೈಂಡರ್ ತಗೊಳ್ಳೋದು ಈ 10 ಮಿಲಿಮೀಟರಿಗೋಸ್ಕರ!

ಟೈರಿನ ಲೆಕ್ಕವೂ ಅಷ್ಟೇ. 175/65 ಆರ್14 ಟೈರಿನ ಒಟ್ಟು ವ್ಯಾಸ 583 ಮಿ.ಮೀ. ಅದರ ಬದಲು 195/50 ಆರ್15 ಹಾಕಿದ್ರೆ 576 ಮಿ.ಮೀ. ಅಗಲ ಆಯ್ತು, ಆದ್ರೆ ಎತ್ತರ ಹೆಚ್ಚಾಗಲಿಲ್ಲ. ಅದೇ 195/65 ಹಾಕಿದ್ರೆ ಎತ್ತರ 634ಕ್ಕೆ ಹೋಗಿ ಹಂಪ್ ಹಾರಿದಾಗೆಲ್ಲ ತಾಗುತ್ತೆ.

ತಾಗುತ್ತಾ ಇಲ್ವಾ ಅಂತ ನೋಡೋದೂ ಖಾಲಿ ಗಾಡಿಯಲ್ಲಲ್ಲ. ಪಾರ್ಕಿಂಗ್‌ನಲ್ಲಿ ನಿಂತಾಗ ಎರಡು ಬೆರಳು ಜಾಗ ಇದೆ ಅಂತ ಖುಷಿ ಪಡ್ತೀವಿ. ಮನೆಯವರು ಐದು ಜನ, ಡಿಕ್ಕಿ ತುಂಬ ಲಗೇಜು, ಮದುವೆಗೆ ಹೊರಟಾಗ ಊರ ಬಾಗಿಲಿನ ಹಂಪ್ ಬರುತ್ತಲ್ಲ, ಅದೇ ನಿಜವಾದ ಟೆಸ್ಟ್. ಹಿಂದಿನ ಸೀಟಿನಲ್ಲಿ ಮೂರು ಜನ ಕೂತಾಗ ಎಷ್ಟು ತಗ್ಗುತ್ತೆ, ಒಂದೇ ಚಕ್ರ ಗುಂಡಿಗೆ ಬಿದ್ದಾಗ ಎಷ್ಟು ಮೇಲೇಳುತ್ತೆ, ಎರಡನ್ನೂ ನೋಡಬೇಕು.

ಲೆಕ್ಕ ಎಲ್ಲ ಮಾಡಿದ ಮೇಲೂ ಕೆಲವು ಮಿಲಿಮೀಟರ್ ಬೇಕು ಅಂದ್ರೆ ಕತ್ತರಿಸೋದಕ್ಕೂ ಮುಂಚೆ ಇನ್ನೊಂದು ಮೆಟ್ಟಿಲಿದೆ, ಅಂಚನ್ನು ಮಡಚೋದು. ರೋಲಿಂಗ್ ಅಂತಾರೆ. ಹಬ್ಬಿಗೆ ಬೋಲ್ಟ್ ಹಾಕಿ ಕೂರಿಸೋ ಒಂದು ಉಪಕರಣ ಇದೆ. ಅದರ ತುದಿಯ ರೋಲರನ್ನು ಅಂಚಿಗೆ ಒತ್ತಿ ಹಿಂದೆ ಮುಂದೆ ಓಡಿಸಿ, ಸ್ವಲ್ಪ ಸ್ವಲ್ಪವೇ ಒಳಕ್ಕೆ ಮಡಚ್ತಾರೆ. ಹೀಟ್ ಗನ್‌ನಲ್ಲಿ ಪೇಂಟ್ ಬಿಸಿ ಮಾಡ್ತಾ ಇರಬೇಕು, ಇಲ್ಲದಿದ್ರೆ ಪೇಂಟ್ ಬಿರುಕು ಬಿಡುತ್ತೆ. ಬೆಸುಗೆ ಹಾಗೇ ಉಳಿಯುತ್ತೆ. ಸೀಲಂಟ್ ಒಡೆದಿದ್ರೆ ಮತ್ತೆ ಹಚ್ಚಬೇಕು. ಟೈರಿಗೂ ಮಡ್‌ಗಾರ್ಡಿಗೂ ಮಧ್ಯೆ ಕ್ರಿಕೆಟ್ ಬ್ಯಾಟೋ ಪೈಪೋ ತೂರಿಸಿ ಗಾಡಿ ತಳ್ಳೋ ನಾಟಿ ವಿಧಾನವೂ ಇದೆ, ಅದರಲ್ಲಿ ಅಂಚು ಅಲೆ ಅಲೆಯಾಗಿ ಬರುತ್ತೆ.

ಇಷ್ಟೆಲ್ಲ ಆಗಿಯೂ ಕತ್ತರಿಸಲೇಬೇಕು ಅಂದ್ರೆ ಅದಕ್ಕೂ ಸರಿಯಾದ ಕ್ರಮ ಇದೆ. ಹೊರಗಿನ ತಗಡನ್ನು ಗುರುತು ಹಾಕಿ ಕತ್ತರಿಸಬೇಕು. ಒಳಗಿನ ತಗಡನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಆ ಪಟ್ಟಿಗಳನ್ನು ಹೊರಗಿನ ತಗಡಿಗೆ ಮುಟ್ಟೋ ಹಾಗೆ ಬಗ್ಗಿಸಬೇಕು. ಆಮೇಲೆ ತಗಡು ಬಿಸಿಗೆ ಸೊಟ್ಟ ಆಗದ ಹಾಗೆ ಬಿಟ್ಟು ಬಿಟ್ಟು, ಚೂರು ಚೂರಾಗಿ ಬೆಸುಗೆ ಹಾಕಬೇಕು. ಅದರ ಮೇಲೆ ಪ್ರೈಮರ್, ಸೀಲಂಟ್, ಪೇಂಟ್. ಇದು ಎರಡು ಮೂರು ದಿನದ ಕೆಲಸ. ಮೂರು ಸಾವಿರಕ್ಕೆ ಅರ್ಧ ದಿನದಲ್ಲಿ ಮುಗಿಸ್ತೀನಿ ಅನ್ನೋರು ಯಾವ ಹಂತ ಬಿಡ್ತಾರೆ ಅಂತ ನೀವೇ ಯೋಚಿಸಿ. ತಪ್ಪು ಅವರದಷ್ಟೇ ಅಲ್ಲ. ನಾವು ಕೊಡೋ ದುಡ್ಡಿಗೆ ಅಷ್ಟೇ ಕೆಲಸ ಬರುತ್ತೆ.

"ಗ್ರಿಪ್ ಜಾಸ್ತಿ ಆಗುತ್ತಲ್ಲ?" ಅಂತ ಕೇಳೋರಿದ್ದಾರೆ. ಫಸ್ಟ್ ಇಯರ್‌ನಲ್ಲಿ ಘರ್ಷಣೆ ಸಂಪರ್ಕದ ವಿಸ್ತೀರ್ಣವನ್ನು ಅವಲಂಬಿಸಲ್ಲ ಅಂತ ಓದಿದ್ವಿ. ರಬ್ಬರಿಗೆ ಆ ನಿಯಮ ಪೂರ್ತಿ ಹೊಂದಲ್ಲ ನಿಜ, ರೇಸ್ ಕಾರಿಗೆ ಅಗಲದ ಟೈರ್ ಬೇಕೇ ಬೇಕು. ಆದ್ರೆ ಒಂದು ಚಕ್ರದ ಮೇಲೆ 300 ಕೆ.ಜಿ. ಭಾರ, ಟೈರಿನಲ್ಲಿ 32 ಪಿಎಸ್‌ಐ ಗಾಳಿ ಇದ್ರೆ ನೆಲಕ್ಕೆ ತಾಗೋ ವಿಸ್ತೀರ್ಣ ಸರಿಸುಮಾರು 133 ಚದರ ಸೆಂ.ಮೀ. ಟೈರ್ ಅಗಲ ಮಾಡಿದ್ರೂ ಆ ವಿಸ್ತೀರ್ಣ ಹೆಚ್ಚೇನೂ ಬದಲಾಗಲ್ಲ, ಅದರ ಆಕಾರ ಅಡ್ಡಕ್ಕೆ ಅಗಲ ಆಗಿ ಉದ್ದಕ್ಕೆ ಕಮ್ಮಿ ಆಗುತ್ತೆ. ತಿರುವಿನಲ್ಲಿ ಅದರಿಂದ ಸ್ವಲ್ಪ ಲಾಭ. ನಿಂತ ನೀರಿನ ಮೇಲೆ ಮಾತ್ರ ಅಗಲದ ಟೈರ್ ಬೇಗ ತೇಲುತ್ತೆ. ಊರಿನ ರಸ್ತೆಯಲ್ಲಿ ಗ್ರಿಪ್ ಬೇಕು ಅಂದ್ರೆ ಕಂಪನಿ ಅಳತೆಯಲ್ಲೇ ಒಳ್ಳೇ ಟೈರ್ ಹಾಕಿ. ಚೆಂದಕ್ಕೆ ಅಂತಾದ್ರೆ ಚೆಂದಕ್ಕೆ ಅಂತಲೇ ಹೇಳೋಣ, ಅದ್ರಲ್ಲಿ ನಾಚಿಕೆ ಏನೂ ಇಲ್ಲ.

ನಮಗೆ ಇಷ್ಟ ಆಗೋ ಅಗಲದ ಮಡ್‌ಗಾರ್ಡಿನ ಕಾರುಗಳಿಗೆ ಬೇರೆ ಕಾರಣ ಇತ್ತು. 1970ರ ಎರಡು ಬಾಗಿಲಿನ ಸ್ಕೈಲೈನ್ ಜಿಟಿ-ಆರ್‌ಗೆ ಹಿಂದಿನ ಕಮಾನಿನ ಮೇಲೆ ಕಪ್ಪು ಓವರ್‌ಫೆಂಡರ್ ಕಾರ್ಖಾನೆಯಿಂದಲೇ ಬಂತು. 1986ರ ಬಿಎಂಡಬ್ಲ್ಯು ಎಂ3 ಮಾಡಿದ್ದೇ ಗ್ರೂಪ್ ಎ ರೇಸಿಗೆ. ಆ ನಿಯಮದ ಪ್ರಕಾರ ಹನ್ನೆರಡು ತಿಂಗಳಲ್ಲಿ 5,000 ಕಾರು ಮಾಡಬೇಕಿತ್ತು, ಅದಕ್ಕೇ ರಸ್ತೆಯ ಕಾರಿಗೂ ಅಗಲದ ಮಡ್‌ಗಾರ್ಡ್ ಬಂತು. ಅದು ಕೊಯ್ದು ಪುಟ್ಟಿ ಮೆತ್ತಿದ್ದಲ್ಲ, ಆ ಕಾರಿಗೆಂದೇ ಮಾಡಿದ ಬೇರೆ ತಗಡು. ನಕಾಯ್ ಕೊಯ್ಯೋ ಪೋರ್ಶೆಯ ಮಾಲೀಕನಿಗೂ ತನ್ನ ಕಾರಿಗೆ ಏನಾಗಿದೆ ಅಂತ ಚೆನ್ನಾಗಿ ಗೊತ್ತು. ಕತ್ತರಿಸಿದ್ದು ಎಲ್ಲರಿಗೂ ಕಾಣುತ್ತೆ. ಅಪ್ಪನ ಕಾರಲ್ಲಿ ಅದು ಯಾರಿಗೂ ಕಾಣ್ತಿರಲಿಲ್ಲ.

ಈಗ ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಎತ್ತಿಹಿಡೀತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು.

ನನಗೆ ಇಲ್ಲಿ ಒಂದು ತಕರಾರಿದೆ. ಬೇಡ ಅಂತ ಮಾತ್ರ ಹೇಳಿದ್ರೆ ಕೆಲಸ ನಿಲ್ಲಲ್ಲ, ಹಿತ್ತಲಿಗೆ ಹೋಗುತ್ತೆ. ಹಿತ್ತಲಲ್ಲಿ ಆದ ಕೆಲಸಕ್ಕೆ ಬಿಲ್ಲಿಲ್ಲ, ಪರೀಕ್ಷೆ ಇಲ್ಲ, ಆರ್‌ಸಿಯಲ್ಲಿ ಒಂದು ಸಾಲೂ ಇಲ್ಲ. ಜರ್ಮನಿಯಲ್ಲಿ ಇಂಥ ಬದಲಾವಣೆ ಮಾಡಿದ್ರೆ ಪರೀಕ್ಷಕರು ಗಾಡಿ ನೋಡಿ, ಸರಿ ಇದ್ರೆ ದಾಖಲೆಯಲ್ಲಿ ನಮೂದಿಸ್ತಾರೆ. ಅಷ್ಟು ದೂರ ಯಾಕೆ, ನಮ್ಮಲ್ಲೇ ಪೆಟ್ರೋಲ್ ಗಾಡಿಗೆ ಸಿಎನ್‌ಜಿ ಕಿಟ್ ಹಾಕಿಸಿದ್ರೆ ಆರ್‌ಸಿಯಲ್ಲಿ ಬರೆಸೋ ವ್ಯವಸ್ಥೆ ಇದೆ. ಗ್ಯಾಸ್ ಸಿಲಿಂಡರಿಗೆ ಸಾಧ್ಯ ಆಗಿರೋದು ಬೆಸುಗೆ ಹಾಕಿದ ಮಡ್‌ಗಾರ್ಡಿಗೆ ಯಾಕೆ ಆಗಬಾರದು? ಹಾಗೊಂದು ಸಾಲು ಇದ್ದಿದ್ರೆ ಅಪ್ಪ ಕಾರು ತಗೊಳ್ಳೋ ಮುಂಚೆ ಓದ್ತಿದ್ರು. ಆದ್ರೆ ಆ ವ್ಯವಸ್ಥೆ ಬರೋವರೆಗೆ ಕಾನೂನು ಕಾನೂನೇ. ಕತ್ತರಿಸಿದ್ರೆ ದಂಡದ ಜೊತೆಗೆ ಅಪಘಾತ ಆದಾಗ ಇನ್ಶೂರೆನ್ಸ್‌ನವರ ಹತ್ತಿರ ಜಗಳವೂ ನಮ್ಮದೇ.

ಒಬ್ಬ ಸೀನಿಯರ್ ನಂಗೆ ಹೇಳಿದ್ರು, "ನನ್ನ ಗಾಡಿ, ನನ್ನ ದುಡ್ಡು, ಏನಾದ್ರೂ ಮಾಡ್ತೀನಿ." ಮಾತು ಸರಿಯಾಗೇ ಇದೆ, ಆದ್ರೆ ಪೂರ್ತಿ ಅಲ್ಲ. ಗಾಡಿ ನಮ್ಮ ಹತ್ರ ಇರೋದು ಮೂರು ನಾಲ್ಕು ವರ್ಷ. ಆಮೇಲೆ ಕಂಪನಿ ಚಕ್ರ ವಾಪಸ್ ಹಾಕಿ, ಪುಟ್ಟಿ ಮೆತ್ತಿ, ಪಾಲಿಶ್ ಹೊಡೆದು ಮಾರ್ತೀವಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋದು ಯಾರು? ಹೊಸದು ತಗೊಳ್ಳೋಕೆ ಆಗದವರು. ನಮ್ಮಪ್ಪನಂಥವರು.

ನಿಮ್ಮ ಮನೆಯಲ್ಲೂ ಯಾರಾದ್ರೂ ಹಳೇ ಕಾರು ತಗೊಳ್ಳೋಕೆ ಹೊರಟಿದ್ರೆ ಮೂರು ಕೆಲಸ ಮಾಡಿ. ಹಿಂದಿನ ಚಕ್ರದ ಕಮಾನಿನ ಒಳಗೆ ಬೆರಳು ಹಾಕಿ ಸವರಿ, ಎರಡೂ ಕಡೆ ಅಂಚು ಒಂದೇ ತರ ಇರಬೇಕು. ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ತಗೊಂಡು ಹೋಗಿ ಕಮಾನಿನ ಮೇಲೆ ಇಟ್ಟು ನೋಡಿ, ದಪ್ಪ ಪುಟ್ಟಿ ಇದ್ದಲ್ಲಿ ಅದು ಹಿಡಿಯಲ್ಲ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಕೆಳಗೆ ನೋಡಿ. ಐದು ನಿಮಿಷ ಸಾಕು.

ನಮ್ಮ ಕಾರು ಈಗ ಸರಿ ಇದೆ. ಹೋದ ಮಳೆಗಾಲದಲ್ಲಿ ಒಂದು ಹನಿಯೂ ಒಳಗೆ ಬರಲಿಲ್ಲ. ಟಿಂಕರಿಂಗ್ ಅಣ್ಣ ಬೆಸುಗೆ ಹಾಕೋವಾಗ ನಾನು ತೆಗೆದ ಫೋಟೋಗಳು ಫೋನಿನಲ್ಲಿವೆ. ಮುಂದೆ ಎಂದಾದ್ರೂ ಆ ಕಾರು ಮಾರೋದಾದ್ರೆ ತಗೊಳ್ಳೋರಿಗೆ ಮೊದಲು ಅವನ್ನೇ ತೋರಿಸಬೇಕು ಅಂತ ಅಪ್ಪ ಈಗಲೇ ಹೇಳಿದಾರೆ.

ನನ್ನ ಗೆಳೆಯನ ಅಣ್ಣನ ಗಾಡಿ ಈ ಭಾನುವಾರ ಕ್ಯಾಂಪಸ್ಸಿಗೆ ಬರ್ತಿದೆ. ಗ್ರೈಂಡರ್ ಸದ್ಯಕ್ಕೆ ಕ್ಯಾನ್ಸಲ್. ಮೊದಲು ಅಳೀತೀವಿ, ಇಟಿ 45ರ ರಿಮ್ ಎಲ್ಲಿ ಸಿಗುತ್ತೆ ಅಂತ ಹುಡುಕ್ತೀವಿ. ಹಿಂದಿನ ಸೀಟಿನಲ್ಲಿ ಕೂರೋಕೆ ಮೂರು ಜನ ಬೇಕು, ಸ್ವಲ್ಪ ದಪ್ಪ ಇರೋರಾದ್ರೆ ಒಳ್ಳೇದು. ವರ್ಕ್‌ಶಾಪ್ ಪಕ್ಕದ ಪಾರ್ಕಿಂಗ್, ಬೆಳಿಗ್ಗೆ ಹತ್ತು ಗಂಟೆಗೆ. ಬನ್ನಿ.